ಕಡಲು ತಣಿದ ದಿನ

ಅಕ್ಟೋಬರ್ ತಿಂಗಳು. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದು, ಮಲ್ಪೆಯ ದಕ್ಕೆಯಿಂದ ಮೂರು ದಿನ ದೋಣಿ ಹೊರಡಲಿಲ್ಲ. ನಾಲ್ಕನೆಯ ಬೆಳಗು ಗಾಳಿ ಅಡಗಿ ಬಿಸಿಲು ಮೂಡಿತು. ಸೇಂಟ್ ಮೇರೀಸ್ ದ್ವೀಪವನ್ನು ನೋಡಲೆಂದು ಕಾದಿದ್ದ ನಾನು ಹಿಗ್ಗಿದೆ. ತಾಂಡೇಲ ಮಾತ್ರ ಲಂಗರು ಎತ್ತಲಿಲ್ಲ.

“ಗಾಳಿ ನಿಂತಿದೆ ಮಾಸ್ತರೇ, ಕಡಲು ಇನ್ನೂ ನಿಂತಿಲ್ಲ” ಎಂದ.

ಅವನ ಮಾತು ನಿಜ. ದೂರದ ಬಿರುಗಾಳಿ ಎಬ್ಬಿಸಿದ ಉಬ್ಬಲೆಗಳು, ಗಾಳಿ ಅಡಗಿದ ಮೇಲೂ ನೂರಾರು ಕಿಲೋಮೀಟರು ಸಾಗಿ ಬರುತ್ತವೆ. ಆಳದ ನೀರಿನಲ್ಲಿ ಕಣ್ಣಿಗೆ ಬೀಳದಂತಿದ್ದು, ಆಳ ಕಡಿಮೆಯಾದಲ್ಲಿ ತಲೆಯೆತ್ತಿ ಒಡೆಯುತ್ತವೆ. ಅಳಿವೆಯ ಬಾಯಲ್ಲಿ ಅಂಥದೊಂದು ಅಲೆಗೆ ಅವನ ಅಣ್ಣ ಬಲಿಯಾಗಿದ್ದನಂತೆ. ಅಂದೂ ಆಕಾಶ ತಿಳಿಯಾಗಿತ್ತಂತೆ. ನಾನು ಮರುಮಾತಾಡಲಿಲ್ಲ.

ಮರುದಿನ ಅಳಿವೆಯಲ್ಲಿ ನೊರೆಯ ಗೆರೆ ಅಳಿಸಿಹೋಗಿತ್ತು. ದೋಣಿ ತೊಟ್ಟಿಲಿನಂತೆ ಮೆಲ್ಲನೆ ತೂಗುತ್ತ ಸಾಗಿತು. ಹಿಂದೆ ತೆಂಗಿನ ತೋಟಗಳ ಹಸಿರು ತೆಳುವಾದಂತೆ, ಮುಂದೆ ದ್ವೀಪದ ಕಲ್ಲುಕಂಬಗಳು ನೀರಿನಿಂದ ಎದ್ದು ಬಂದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ, ನಿಧಾನವಾಗಿ ತಣಿಯುತ್ತ, ಕುಗ್ಗಿ ಬಿರಿದು, ಈ ಐದಾರು ಮೂಲೆಯ ಕಂಬಗಳಾದವು. ಬೆಂಕಿ ತಣಿಯಲು ಕಾಲ ಬೇಕು, ಕಡಲಿಗೂ ಬೇಕು.

ಹಿಂದಿರುಗುವಾಗ ಪ್ರಯಾಣಿಕರು ಹಾಡುತ್ತಿದ್ದರು. ತಾಂಡೇಲನ ಕಣ್ಣು ಮಾತ್ರ ಪಡುವಣ ದಿಕ್ಕಿನಲ್ಲೇ ನೆಟ್ಟಿತ್ತು. ನಮ್ಮ ಆ ಹಾಡಿನ ಹಿಂದೆ, ಅವನು ಲಂಗರು ಎತ್ತದೆ ಕಳೆದ ಒಂದು ದಿನವಿತ್ತು. ದಕ್ಕೆಯಲ್ಲಿ ಇಳಿಯುವಾಗ ನಾನು ಅವನಿಗೆ ಕೈಮುಗಿದೆ.