ಐವತ್ತು ಗೋಲುಗಳ ಬಾಲಾದೇವಿ



ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯುವುದೇ ಮುಖ್ಯ ಕೆಲಸವಾಗಿರುವ ಮುಂಚೂಣಿ ಆಟಗಾರರನ್ನು ಸ್ಟ್ರೈಕರ್ ಎನ್ನುತ್ತಾರೆ. ಭಾರತದ ಮಹಿಳಾ ತಂಡದಲ್ಲಿ ಈ ಸ್ಥಾನದ ದೊಡ್ಡ ಹೆಸರು ಬಾಲಾದೇವಿ.

1990ರಲ್ಲಿ ಮಣಿಪುರದಲ್ಲಿ ಹುಟ್ಟಿದ ಇವರು 15ನೇ ವಯಸ್ಸಿಗೇ ಭಾರತ ತಂಡ ಸೇರಿದರು. ಆಗ ದೇಶದಲ್ಲಿ ಮಹಿಳೆಯರಿಗಾಗಿ ರಾಷ್ಟ್ರೀಯ ಲೀಗ್ ಇರಲಿಲ್ಲ. ಅದು ಶುರುವಾದದ್ದು 2016-17ರಲ್ಲಿ. ಮಣಿಪುರ ಪೊಲೀಸ್ ಇಲಾಖೆಯ ನೌಕರಿ ಇವರ ಜೀವನಕ್ಕೂ ಆಟಕ್ಕೂ ಆಧಾರವಾಯಿತು.

ಇವರು ವಿದೇಶಕ್ಕೆ ಹೋಗಲು ನಮ್ಮ ರಾಜ್ಯದ ಕ್ಲಬ್ಬೊಂದು ನೆರವಾಯಿತು. ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ 2019ರಲ್ಲಿ ಬೆಂಗಳೂರು ಎಫ್‌ಸಿ ಜೊತೆ ಸಹಭಾಗಿತ್ವ ಮಾಡಿಕೊಂಡಿತು. ಅದೇ ನವೆಂಬರ್‌ನಲ್ಲಿ ಬಾಲಾದೇವಿ ಗ್ಲಾಸ್ಗೋದಲ್ಲಿ ಆಯ್ಕೆ ಪರೀಕ್ಷೆಗೆ ಆಡಿದರು. 2020ರ ಜನವರಿಯಲ್ಲಿ 18 ತಿಂಗಳ ಒಪ್ಪಂದವಾಯಿತು. ಯುರೋಪಿನ ಕ್ಲಬ್ಬಿಗೆ ವೃತ್ತಿಪರವಾಗಿ ಆಡಿದ ಮೊದಲ ಭಾರತೀಯ ಮಹಿಳೆ ಇವರೇ. ಆಗ ವಯಸ್ಸು 29.

ಮುಂದೆ ಮೊಣಕಾಲಿಗೆ ದೊಡ್ಡ ಗಾಯವಾಯಿತು. ಆದರೂ ಮತ್ತೆ ಮೈದಾನಕ್ಕೆ ಬಂದರು. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನ ಸ್ಯಾಫ್ ಟೂರ್ನಿಯಲ್ಲಿ ಪಾಕಿಸ್ತಾನದ ವಿರುದ್ಧ ತಮ್ಮ 50ನೇ ಅಂತರರಾಷ್ಟ್ರೀಯ ಗೋಲು ಹೊಡೆದರು. ಭಾರತದ ಮಹಿಳೆಯರಲ್ಲಿ ಈ ಸಂಖ್ಯೆ ಮುಟ್ಟಿದವರಲ್ಲಿ ಇವರೇ ಮೊದಲಿಗರು.

'ಆಟವೋ, ಓದೋ?' ಎಂಬ ಪ್ರಶ್ನೆ ಹೆಣ್ಣುಮಕ್ಕಳಿಗೆ ಬೇಗ ಎದುರಾಗುತ್ತದೆ. ಪಿಯುಸಿ ಮುಗಿಯುತ್ತಲೇ ಎಷ್ಟೋ ಜನರ ಆಟ ನಿಂತುಹೋಗುತ್ತದೆ. ಬಾಲಾದೇವಿಯವರ ಪ್ರತಿಭೆ ಉಳಿದದ್ದು ಕೈಯಲ್ಲಿ ನೌಕರಿ ಇದ್ದುದರಿಂದ, ಅವಕಾಶ ತಡವಾದರೂ ಅಭ್ಯಾಸ ಬಿಡದಿದ್ದುದರಿಂದ. ಓದು, ಆಟ ಎರಡನ್ನೂ ಬಿಡಬೇಡಿ. ಇಲಾಖೆಯ ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಲ್ಲಿ ಪಾಲ್ಗೊಳ್ಳಿ. ಸಿಕ್ಕ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ.