ಬಾಗಿಲಿಗೆ ಪಟ್ಟಿ ಹೊಡೆಯುವ ಮುಂಚೆ

ಈ ವಾರದ ಪಾಠ ಸ್ವಲ್ಪ ಬೇರೆ ಥರದ್ದು. ಸಂಡೇ ಸ್ಕೂಲ್ ರೂಮಿಗೆ ಜಿಪ್ಸಮ್ ಬೋರ್ಡಿನ ಗೋಡೆ ಎದ್ದಿದೆ, ಬಾಗಿಲ ಚೌಕಟ್ಟೂ ಕೂತಿದೆ. ಶನಿವಾರ ಅದರ ಸುತ್ತ ಮರದ ಪಟ್ಟಿ ಹೊಡೆಯುವವರು ನೀವೇ. ಆದರೆ ಎಡಗಡೆ ಗೋಡೆ ಚೌಕಟ್ಟಿಗಿಂತ ಸುಮಾರು 4 ಮಿ.ಮೀ. ಮುಂದೆ ಬಂದಿದೆ. "ಪಾಸ್ಟರ್, ಹಾಗೇ ಹೊಡೆದುಬಿಡೋಣ, ಸಂದಿಗೆ ಪುಟ್ಟಿ ತುಂಬಿದ್ರೆ ಗೊತ್ತಾಗಲ್ಲ" ಅಂದರು ಇಬ್ಬರು. ಗೊತ್ತಾಗತ್ತೆ.

ಪಟ್ಟಿಯ ಒಂದು ಅಂಚು ಚೌಕಟ್ಟಿನ ಮೇಲೆ, ಇನ್ನೊಂದು ಗೋಡೆಯ ಮೇಲೆ ಕೂರಬೇಕು. ಎರಡೂ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಪಟ್ಟಿ ವಾರೆಯಾಗತ್ತೆ. ಆಮೇಲೆ 45 ಡಿಗ್ರಿಗೆ ಎಷ್ಟೇ ಸರಿಯಾಗಿ ಕೊಯ್ದರೂ ಮೇಲಿನ ಮೂಲೆ ಬಾಯಿ ಬಿಡತ್ತೆ. ನಮ್ಮ ಮಕ್ಕಳು ಬಾಗಿಲು ಹೇಗೆ ಬಡಿಯುತ್ತಾರೆ ಅಂತ ನಿಮಗೇ ಗೊತ್ತು. ಆ ಅದುರಿಗೆ ದಪ್ಪ ಪುಟ್ಟಿ ಸೀಳತ್ತೆ, ಪಿನ್ ಮೊಳೆ ಸಡಿಲವಾಗತ್ತೆ. ಅಲ್ಲೇ ಪುಟ್ಟ ಬೆರಳುಗಳು ಹೋಗುವುದು.

ಮೊದಲು ಕಾರಣ ಹುಡುಕಿ. ಬೋರ್ಡು ಎಲ್ಲ ಕಡೆ 12.5 ಮಿ.ಮೀ.ನದ್ದೇ, ಅದು ತಾನಾಗಿ ದಪ್ಪ ಆಗಲ್ಲ. ನೇರವಾದ ಸ್ಕೇಲನ್ನು ಚೌಕಟ್ಟಿನಿಂದ ಗೋಡೆಗೆ ಅಡ್ಡ ಇಟ್ಟು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಗೋಡೆಯನ್ನು ಅಂಗೈಯಿಂದ ಒತ್ತಿ. ಒಳಗೆ ಹೋಗಿ ವಾಪಸ್ ಬಂದರೆ ಸ್ಕ್ರೂ ಸಡಿಲ ಅಂತ ಅರ್ಥ, ಬಿಗಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಜಾಯಿಂಟ್ ಮೇಲೆ ಕಾಂಪೌಂಡ್ ಗುಡ್ಡೆಯಾಗಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ. ಚೌಕಟ್ಟೇ ವಾಲಿದೆಯಾ ಅಂತಲೂ ನೋಡಿ. ಆಮೋಸನ ಪುಸ್ತಕದ ನೂಲುಗುಂಡು ಇದಕ್ಕೇ ಇರೋದು, ರಸಮಟ್ಟವೂ ಆಗತ್ತೆ. ಚೌಕಟ್ಟು ವಾಲಿದ್ದರೆ ಗೋಡೆ ಮುಟ್ಟಬೇಡಿ, ಕಾರ್ಪೆಂಟರ್ ಅಣ್ಣನನ್ನು ಕರೆಯೋಣ.

ಇಷ್ಟಾದ ಮೇಲೂ 2-3 ಮಿ.ಮೀ. ಉಬ್ಬು ಉಳಿದರೆ ಬೋರ್ಡನ್ನೇ ಕೆರೆಯಬೇಕು. ಪಟ್ಟಿಯನ್ನು ಅದರ ಜಾಗದಲ್ಲಿ ಹಿಡಿದು ಹೊರಗಿನ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆಯಿಂದ 10 ಮಿ.ಮೀ. ಒಳಗೆ, ಅಂದರೆ ಚೌಕಟ್ಟಿನ ಕಡೆಗೆ, ಕಟರ್‌ನಿಂದ ಕಾಗದ ಸೀಳಿ, ಒಳಗಿನ ಜಿಪ್ಸಮ್ಮನ್ನು ಒರಟು ಅರದಲ್ಲಿ ತೆಗೆಯಿರಿ. ಪಟ್ಟಿ ಕೂತಾಗ ಅದೆಲ್ಲ ಮುಚ್ಚಿಹೋಗತ್ತೆ. ಆದರೆ ಉಬ್ಬಿದ ಕಡೆ ಮಾತ್ರ ಕೆರೆಯಿರಿ. ಸ್ಕ್ರೂ ತಲೆ ಬೋರ್ಡನ್ನು ಹಿಡಿದಿರುವುದು ಕಾಗದದ ಬಲದಿಂದ, ಉದ್ದಕ್ಕೂ ಕಾಗದ ಕಿತ್ತರೆ ಬೋರ್ಡು ಸಡಿಲ. ಮತ್ತೆ, ಸ್ವಿಚ್ ಬೋರ್ಡ್ ಬಾಗಿಲ ಪಕ್ಕದಲ್ಲೇ ಇದೆ. ಮೇನ್ ಆಫ್ ಮಾಡದೆ ಯಾರೂ ಕಟರ್ ಹಿಡಿಯಕೂಡದು, ಇದನ್ನು ಎರಡು ಸಲ ಹೇಳ್ತೀನಿ ಅಂದುಕೊಳ್ಳಿ.

ಅದಕ್ಕಿಂತ ಜಾಸ್ತಿ ಇದ್ದರೆ ಕೆರೆಯುವುದು ಬೇಡ. ವ್ಯತ್ಯಾಸ ಎಷ್ಟಿದೆಯೋ ಅಷ್ಟೇ ದಪ್ಪದ ಮರದ ಸೀಳು ತಂದು ಚೌಕಟ್ಟಿನ ಅಂಚಿಗೆ ಅಂಟಿಸಿ, ಪಿನ್ ಹೊಡೆಯಿರಿ. ನನ್ನ ಪ್ರಕಾರ ಇದೇ ಅಚ್ಚುಕಟ್ಟು. ಬಲಗಡೆ ಉಲ್ಟಾ, ಅಲ್ಲಿ ಗೋಡೆ 1 ಮಿ.ಮೀ. ಹಿಂದಿದೆ. ಅಲ್ಲಿ ಕಾಂಪೌಂಡನ್ನು ಒಂದಡಿ ಅಗಲಕ್ಕೆ ತೆಳುವಾಗಿ ಎಳೆದು ಒಣಗಲು ಬಿಟ್ಟರೆ ಸಾಕು.

ಗಮ್ ಹಾಕುವ ಮುಂಚೆ ಮೂರೂ ಪಟ್ಟಿ ಸುಮ್ಮನೆ ಹಿಡಿದು ಮೂಲೆ ಕೂಡತ್ತಾ ನೋಡಿ. ಶನಿವಾರ ಬೆಳಿಗ್ಗೆ 9ಕ್ಕೆ ಸೇರೋಣ, ಎಲ್ಲರೂ ಮಾಸ್ಕ್ ತನ್ನಿ, ಜಿಪ್ಸಮ್ ಧೂಳು ಜಾಸ್ತಿ ಏಳತ್ತೆ.