ಮನೆಯ ಇರುವೆ ಮತ್ತು ಗೆದ್ದಲು: ಅವುಗಳ ಗುರುತು ಮತ್ತು ನಿವಾರಣೆ

ಮನೆಯಲ್ಲಿ ಹರಿದಾಡುವ ಸಣ್ಣ ಹುಳುಗಳೆಲ್ಲವನ್ನೂ ಇರುವೆಯೆಂದೇ ಎಣಿಸಿ ಯಾವುದಾದರೊಂದು ವಿಷದ ಪುಡಿಯನ್ನು ಎರಚುವುದು ಹಲವರ ವಾಡಿಕೆ. ಇದು ಸರಿಯಲ್ಲ. ಇರುವೆಯು ಆಹಾರವನ್ನು ಕೆಡಿಸುವುದು. ಗೆದ್ದಲು ಮನೆಯ ಮರವನ್ನೇ ತಿನ್ನುವುದು. ಎರಡಕ್ಕೂ ಉಪಾಯ ಬೇರೆ. ಆದುದರಿಂದ ಮೊದಲು ಗುರುತಿಸತಕ್ಕದ್ದು.

1. ಗುರುತು.— ಇರುವೆಯ ನಡು ಬಹಳ ಸಣ್ಣದು. ಮೀಸೆಯು ಮೊಣಕೈಯಂತೆ ಬಾಗಿರುವುದು. ಅದು ಬಯಲಿನಲ್ಲಿಯೇ ಸಾಲುಹಿಡಿದು ನಡೆಯುವುದು. ಗೆದ್ದಲಿನ ಮೈ ಮೆತ್ತಗೆ, ಬಿಳುಪಾಗಿರುವುದು, ನಡು ಸಣ್ಣದಾಗಿರುವುದಿಲ್ಲ, ಮೀಸೆಯು ಮಣಿ ಪೋಣಿಸಿದಂತೆ ನೆಟ್ಟಗಿರುವುದು. ಬೆಳಕಿಗೂ ಒಣಗಾಳಿಗೂ ಅಂಜಿ ಅದು ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡು ಅದರೊಳಗೆ ಸಂಚರಿಸುವುದು. ಮೊದಲ ಮಳೆಗಳಾದ ಮೇಲೆ ದೀಪಕ್ಕೆ ಮುತ್ತುವ ಹುಳುಗಳಲ್ಲಿ ನಾಲ್ಕು ರೆಕ್ಕೆಗಳೂ ಸಮನಾಗಿದ್ದರೆ ಗೆದ್ದಲು. ಮುಂದಿನ ಜೊತೆ ದೊಡ್ಡದಾಗಿದ್ದರೆ ಇರುವೆ. ಗೆದ್ದಲಿನ ರೆಕ್ಕೆಹುಳುಗಳು ಮನೆಯ ನೆಲದ ಬಿರುಕಿನಿಂದಲೇ ಏಳುತ್ತಿದ್ದರೆ ಗೂಡು ಮನೆಯಡಿಯಲ್ಲಿರುವುದೆಂದು ತಿಳಿಯಬೇಕು.

2. ಇರುವೆಯ ನಿವಾರಣೆ.— ಆಹಾರವನ್ನು ಕಂಡ ಇರುವೆಯು ದಾರಿಯುದ್ದಕ್ಕೂ ವಾಸನೆಯನ್ನು ಬಿಟ್ಟು ಹೋಗುವುದು. ಮಿಕ್ಕವು ಅದನ್ನೇ ಹಿಡಿದು ಬರುವುವು. ಆದ್ದರಿಂದ ಕೊಲ್ಲುವುದಕ್ಕಿಂತ ದಾರಿಯನ್ನು ಸಾಬೂನಿನ ನೀರಿನಿಂದ ಒರಸಿ, ಬಿರುಕನ್ನು ಮುಚ್ಚುವುದು ಮೇಲು. ಬೆಲ್ಲದ ಪಾತ್ರೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಬೇಕು. ನೀರನ್ನು ದಿನವೂ ಬದಲಿಸದಿದ್ದರೆ ಮೇಲಣ ಧೂಳಿನ ಪೊರೆಯೇ ಸೇತುವೆಯಾಗುವುದು.

ಇಷ್ಟಕ್ಕೂ ನಿಲ್ಲದಿದ್ದರೆ ½ ಲೀಟರು ನೀರಿನಲ್ಲಿ 50 ಗ್ರಾಂ ಸಕ್ಕರೆಯನ್ನೂ 5 ಗ್ರಾಂ ಬೋರಿಕ್ ಪುಡಿಯನ್ನೂ ಕರಗಿಸಿ, ಹತ್ತಿಯಲ್ಲಿ ಅದ್ದಿ ಸಾಲಿನ ಬಳಿ ಇಡತಕ್ಕದ್ದು. ಆಗ ದಾರಿಯನ್ನು ಒರಸಕೂಡದು. ಪುಡಿಯನ್ನು ಹೆಚ್ಚಿಸಿದರೆ ಇರುವೆಯು ದಾರಿಯಲ್ಲಿಯೇ ಸಾಯುವುದು. ಮಿತವಾಗಿದ್ದರೆ ಅದು ಗೂಡಿಗೆ ಒಯ್ದು ರಾಣಿಗೂ ಮರಿಗಳಿಗೂ ಉಣಿಸುವುದು. ಇದು ವಿಷವಾದ್ದರಿಂದ ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಇಡಬೇಕು.

3. ಗೆದ್ದಲಿನ ನಿವಾರಣೆ.— ಗೆದ್ದಲು ಮರದ ಹೊರಮೈಯನ್ನು ಉಳಿಸಿ ಒಳಗನ್ನು ತಿನ್ನುವುದರಿಂದ ತೊಲೆ ಬಗ್ಗುವವರೆಗೂ ಮನೆಯವರಿಗೆ ತಿಳಿಯದೆ ಹೋಗಬಹುದು. ತಿಂಗಳಿಗೊಮ್ಮೆ ದೀಪ ಹಿಡಿದು ಗೋಡೆಯ ಬುಡ, ಬಾಗಿಲುವಾಡ, ಕಣಜದ ಅಡಿ, ಕಾಗದಪತ್ರಗಳ ಪೆಟ್ಟಿಗೆಯ ಹಿಂಬದಿ ಇವುಗಳನ್ನು ನೋಡತಕ್ಕದ್ದು. ಮಣ್ಣಿನ ಕೊಳವೆ ಕಂಡರೆ ಗೇಣುದ್ದ ಒಡೆದು ಬಿಡಬೇಕು. ಕೆಲವು ದಿನಗಳಲ್ಲಿ ಮತ್ತೆ ಕಟ್ಟಿದ್ದರೆ ಹುಳು ಒಳಗಿರುವುದು ನಿಶ್ಚಯ.

ಮನೆ ಕಟ್ಟುವಾಗ ತಳಪಾಯದಲ್ಲಿ ಬೇರು, ಮರದ ಚೂರು ಉಳಿಯಕೂಡದು. ಕಂಬಕ್ಕೂ ಕಣಜಕ್ಕೂ ಕಲ್ಲಿನ ಆಧಾರವಿರಲಿ. ಮರವು ಮಣ್ಣಿಗೆ ತಾಗಕೂಡದು. ತೇಗ, ಹೊನ್ನೆಗಳ ಚೇಗು ಗೆದ್ದಲನ್ನು ಬಹುಮಟ್ಟಿಗೆ ತಡೆಯುವುದು; ಮಾವಿನ ಮರ ತಡೆಯದು. ಸೌದೆಯನ್ನು ಗೋಡೆಗೆ ಒರಗಿಸಬಾರದು. ಸೂರಿನ ನೀರು ಬುಡದಲ್ಲಿ ನಿಲ್ಲಬಾರದು.

ಬೆಳೆಗೆ ಹೊಡೆಯುವ ವಿಷವನ್ನು ಮನೆಯೊಳಗೆ, ಅದರಲ್ಲಿಯೂ ಧಾನ್ಯದ ಬಳಿ, ಎಂದಿಗೂ ಎರಚಕೂಡದು. ಹುಳು ಮನೆಯಡಿಯಲ್ಲಿದ್ದರೆ ತಿಳಿದವರಿಂದಲೇ ನೆಲಕ್ಕೆ ಮದ್ದು ಹಾಕಿಸತಕ್ಕದ್ದು. ಗ್ರಾಮದ ಮುಖಂಡರು ತಮ್ಮ ಮನೆಯೊಡನೆ ಪಾಠಶಾಲೆ, ದೇವಸ್ಥಾನ, ಸಹಕಾರ ಸಂಘದ ಉಗ್ರಾಣಗಳನ್ನೂ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಿದರೆ ಊರಿನ ಸೊತ್ತು ಉಳಿಯುವುದು.